ಹಳೆಯ ಕ್ಯಾಮರಾವೂ ಚಂದ್ರವಳ್ಳಿಯ ಬಂಡೆಯೂ



ಹಿರಿಯೂರಿನಲ್ಲಿ ಫೋಟೋ ಸ್ಟುಡಿಯೋ ಇಟ್ಟುಕೊಂಡಿರುವ ನನ್ನ ಹಳೆಯ ಶಿಷ್ಯನೊಬ್ಬ ಮದುವೆಯ ಹಂಗಾಮು ಮುಗಿದ ಮೇಲೆ ಒಂದು ಸಂಜೆ ಚಿತ್ರದುರ್ಗದ ನಮ್ಮ ಮನೆಗೆ ಬಂದಿದ್ದ. ಬಿ.ಎ. ತರಗತಿಯಲ್ಲಿ ಐಚ್ಛಿಕ ಕನ್ನಡ ಓದಿದವನು. ಹೊಟ್ಟೆಪಾಡಿಗೆ ಮದುವೆ, ನಾಮಕರಣ, ಗೃಹಪ್ರವೇಶಗಳ ಚಿತ್ರ ತೆಗೆಯುತ್ತಾನೆ. ಬಿಡುವಿನ ಭಾನುವಾರಗಳಲ್ಲಿ ಅದೇ ಕ್ಯಾಮರಾವನ್ನು ಹೆಗಲಿಗೆ ಹಾಕಿಕೊಂಡು ಹೊಸದುರ್ಗ, ಹೊಳಲ್ಕೆರೆ ತಾಲ್ಲೂಕುಗಳ ಹಳ್ಳಿಗಳನ್ನು ಸುತ್ತಿ, ವೀರಗಲ್ಲು ಶಾಸನಗಳ ಚಿತ್ರಗಳನ್ನು ನನಗೆ ತಂದು ತೋರಿಸುತ್ತಾನೆ. ಆ ದಿನ ಕಾಫಿ ಕುಡಿದು ಲೋಟ ಕೆಳಗಿಟ್ಟವನೇ, “ಸಾರ್, ತಾವು ಬೈಯಬಾರದು, ಒಂದು ವಿಷಯ ಕೇಳಬೇಕು. ಕ್ಯಾಮರಾ ಬದಲಾಯಿಸಲೋ ಬೇಡವೋ?” ಎಂದ.

ಅವನ ಕ್ಯಾಮರಾ ಹತ್ತು ವರ್ಷದ್ದು. ಒಳಗೆ ಕನ್ನಡಿಯುಳ್ಳದ್ದು. ಮಸೂರದ ಮೂಲಕ ಬಂದ ಬೆಳಕು ಆ ಕನ್ನಡಿಗೆ ಬಡಿದು ಮೇಲೇರಿ ನೋಡುವವನ ಕಣ್ಣಿಗೆ ಸೇರುತ್ತದೆ. ಗುಂಡಿ ಒತ್ತಿದಾಗ ಕನ್ನಡಿ ತಟ್ಟನೆ ಮೇಲಕ್ಕೆ ಮಡಚಿಕೊಂಡು ಬೆಳಕಿಗೆ ದಾರಿ ಬಿಡುತ್ತದೆ. ‘ಕ್ಲಿಕ್’ ಎಂಬ ಸದ್ದಿನಲ್ಲಿ ಈ ಕನ್ನಡಿಯ ಪಾಲೂ ಉಂಟು. ಈಗ ಬರುತ್ತಿರುವ ಕ್ಯಾಮರಾಗಳಲ್ಲಿ ಕನ್ನಡಿಯಿಲ್ಲ. ಮನುಷ್ಯನ ಕಣ್ಣನ್ನು ತಾನೇ ಹುಡುಕಿ ಅಲ್ಲಿಗೇ ಸ್ಫುಟತೆಯನ್ನು ಕೂಡಿಸುತ್ತವೆ. ಕೈ ನಡುಗಿದರೆ ಸಾವರಿಸಿಕೊಳ್ಳುತ್ತವೆ. ಬೇಕೆಂದರೆ ಸದ್ದನ್ನೇ ಮಾಡುವುದಿಲ್ಲ. ಕ್ಯಾನನ್, ನಿಕಾನ್ ಸಂಸ್ಥೆಗಳೆರಡೂ ೨೦೧೮ರಲ್ಲಿ ಈ ಬಗೆಯ ಕ್ಯಾಮರಾಗಳಿಗೆಂದು ಮಸೂರ ಕೂಡಿಸುವ ಬಾಯಿಯನ್ನೇ ಬದಲಾಯಿಸಿದವು. ಕನ್ನಡಿಯುಳ್ಳ ತಮ್ಮ ಅಗ್ರಶ್ರೇಣಿಯ ಕ್ಯಾಮರಾ ಇನ್ನು ಹೊಸದಾಗಿ ಬಾರದೆಂದು ಕ್ಯಾನನ್ನಿನ ಮುಖ್ಯಸ್ಥರೇ ೨೦೨೧ರಲ್ಲಿ ಹೇಳಿದ್ದೂ ಉಂಟು. ಹುಡುಗನ ಕಳವಳಕ್ಕೆ ಕಾರಣವಿದೆ. ಹೊಸದಕ್ಕೆ ಮಸೂರವೂ ಸೇರಿ ಎರಡು ಲಕ್ಷ ರೂಪಾಯಿಗೂ ಮೀರಿದ ಖರ್ಚು. ಹಳೆಯದನ್ನು ಕೊಟ್ಟರೆ ಬರುವುದು ಅದರ ಚೂರುಪಾರು. ಸೊಸೈಟಿಯ ಸಾಲವೋ ಹೆಂಡತಿಯ ಸರವೋ ಎಂಬಲ್ಲಿಗೆ ಮಾತು ಬಂದು ನಿಂತಿತ್ತು. ಮಗಳು ಆ ವರ್ಷವೇ ಪಿ.ಯು.ಸಿ.ಗೆ ಸೇರಬೇಕು.

ನಾನು ಕನ್ನಡ ಮೇಷ್ಟ್ರು. ಯಂತ್ರಗಳ ವಿಷಯದಲ್ಲಿ ನನ್ನ ಸಲಹೆಗೆ ಬೆಲೆಯಿಲ್ಲ. ಆದರೆ ಈ ಪ್ರಶ್ನೆ ಮಾತ್ರ ನಮ್ಮ ಸೀಮೆಗೆ ಹೊಸದಲ್ಲ. ಅದಕ್ಕೆ ನೂರೆಪ್ಪತ್ತು ವರ್ಷಗಳ ಚರಿತ್ರೆಯಿದೆ. ಆ ಚರಿತ್ರೆಯನ್ನು ಅವನಿಗೆ ಹೇಳಿದೆ. ಅದನ್ನೇ ಇಂದು ತಮ್ಮ ಮುಂದೆಯೂ ಇಡುತ್ತಿದ್ದೇನೆ.

ಕ್ರಿ.ಶ. ೧೮೫೧ ಛಾಯಾಚಿತ್ರಣದ ಇತಿಹಾಸದಲ್ಲಿ ಒಂದು ಕವಲುದಾರಿಯ ವರ್ಷ. ಇಂಗ್ಲೆಂಡಿನಲ್ಲಿ ಫ್ರೆಡರಿಕ್ ಸ್ಕಾಟ್ ಆರ್ಚರ್ ಎಂಬಾತ ಗಾಜಿನ ಹಲಗೆಗೆ ಕಲೋಡಿಯನ್ ಎಂಬ ಅಂಟುದ್ರವ ಬಳಿದು ಚಿತ್ರ ಹಿಡಿಯುವ ವಿಧಾನವನ್ನು ಪ್ರಕಟಿಸಿದ. ಅದೇ ವರ್ಷ ಫ್ರಾನ್ಸಿನಲ್ಲಿ ಗುಸ್ತಾವ್ ಲ ಗ್ರೆ ಎಂಬಾತ ಮೇಣ ತೀಡಿದ ಕಾಗದದ ಮೇಲೆ ಚಿತ್ರ ಹಿಡಿಯುವ ಕ್ರಮವನ್ನು ಹೊರತಂದ. ಗಾಜಿನ ಚಿತ್ರ ಕೂದಲೆಳೆಯಷ್ಟು ಸೂಕ್ಷ್ಮ, ಬಹುಬೇಗ ಮೂಡುವಂಥದು. ಅದರ ತೊಡಕೆಂದರೆ ಹಲಗೆ ಹಸಿಯಾಗಿರುವಾಗಲೇ ಎಲ್ಲವೂ ನಡೆಯಬೇಕು: ಬಳಿಯುವುದು, ಬೆಳ್ಳಿಯ ಲವಣದಲ್ಲಿ ಅದ್ದುವುದು, ಬೆಳಕಿಗೆ ಒಡ್ಡುವುದು, ಕತ್ತಲ ಗುಡಾರಕ್ಕೆ ಓಡಿ ತೊಳೆಯುವುದು, ಹೀಗೆ ಎಲ್ಲವೂ ಕೆಲವೇ ನಿಮಿಷಗಳಲ್ಲಿ. ನಮ್ಮ ಬಯಲುಸೀಮೆಯ ಚೈತ್ರದ ಬಿಸಿಲಿನಲ್ಲಿ ಆ ಹಲಗೆ ಎಷ್ಟು ಹೊತ್ತು ಹಸಿಯಾಗಿದ್ದೀತು? ಮೇಣದ ಕಾಗದ ಮಂದಗಾಮಿ. ಬೆಳಕಿಗೆ ಬಹಳ ಹೊತ್ತು ಒಡ್ಡಬೇಕು. ಆದರೆ ಅದನ್ನು ದಿನಗಳ ಮುಂಚೆಯೇ ಸಿದ್ಧಪಡಿಸಿ ಗಾಡಿಯಲ್ಲಿ ಹೇರಿಕೊಂಡು ಹೋಗಬಹುದಿತ್ತು.

೧೮೫೪ರ ಡಿಸೆಂಬರಿನಲ್ಲಿ ಹಳೇಬೀಡು ಬೇಲೂರುಗಳ ಚಿತ್ರ ತೆಗೆದ ಲಿನೇಯಸ್ ಟ್ರೈಪ್ ಕಾಗದವನ್ನೇ ನೆಚ್ಚಿದ್ದ. ೧೮೫೬ರ ಸುಮಾರಿಗೆ ಮದರಾಸು ಸೈನ್ಯದ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಅಧಿಕಾರಿ ಹಂಪಿಗೆ ಬಂದಾಗ ಗಾಜಿನ ವಿಧಾನ ಹೊರಬಂದು ಐದು ವರ್ಷಗಳಾಗಿದ್ದವು. ಇಂದಿನ ಮಾತಿನಲ್ಲಿ ಹೇಳುವುದಾದರೆ ‘ಹೊಸ ಮಾಡೆಲ್’ ಅಂಗಡಿಗೆ ಬಂದಿತ್ತು. ಗ್ರೀನ್‌ಲಾ ಅದಕ್ಕೆ ಮನಸೋಲಲಿಲ್ಲ. ಸುಮಾರು ಹದಿನಾರು ಅಂಗುಲಕ್ಕೆ ಹದಿನೆಂಟು ಅಂಗುಲದ ಮೇಣದ ಕಾಗದಗಳ ಮೇಲೆಯೇ ವಿಜಯನಗರದ ಅವಶೇಷಗಳನ್ನು ಮೂಡಿಸಿದ. ಕಲ್ಲು ಓಡಿಹೋಗುವುದಿಲ್ಲ, ಬೆಳಕಿಗೆ ಎಷ್ಟು ಹೊತ್ತು ಒಡ್ಡಿದರೇನು? ಬಹುಕಾಲ ಕಣ್ಮರೆಯಾಗಿದ್ದ ಆ ಕಾಗದಗಳು ಮತ್ತೆ ಬೆಳಕಿಗೆ ಬಂದ ಮೇಲೆ, ೧೯೮೩ರಲ್ಲಿ ಆಸ್ಟ್ರೇಲಿಯದ ಜಾನ್ ಗೊಲಿಂಗ್ಸ್ ಗ್ರೀನ್‌ಲಾ ನಿಂತ ಸ್ಥಳಗಳಲ್ಲೇ ನಿಂತು ಪುನಃ ಚಿತ್ರ ತೆಗೆದರು. ಅಕ್ಕಪಕ್ಕ ಇಟ್ಟು ನೋಡಿದರೆ ಎದೆ ಝಲ್ಲೆನ್ನುತ್ತದೆ. ವಿಠ್ಠಲ ದೇವಾಲಯದ ಕಲ್ಲಿನ ರಥ ನಮಗೆಲ್ಲ ಗೊತ್ತಲ್ಲ, ಐವತ್ತು ರೂಪಾಯಿಯ ಹೊಸ ನೋಟಿನ ಮೇಲೂ ಅದೇ ಇದೆ. ಗ್ರೀನ್‌ಲಾನ ಚಿತ್ರದಲ್ಲಿ ಆ ರಥದ ಮೇಲೆ ಇಟ್ಟಿಗೆಯ ಶಿಖರವೊಂದು ನಿಂತಿದೆ. ಇಂದು ಅದಿಲ್ಲ. ಮೇಣದ ಕಾಗದದ ಹಳೆಯ ವಿಧಾನದಲ್ಲಿ ತೆಗೆದ ಆ ಚಿತ್ರ ಇಲ್ಲದಿದ್ದರೆ ಶಿಖರದ ರೂಪ ನಮ್ಮ ಕಣ್ಣಿಗೆ ಹೀಗೆ ಕಟ್ಟುತ್ತಿರಲಿಲ್ಲ.

ಹಾಗೆಂದು ಹಳೆಯದೇ ಲೇಸೆಂದು ಸಾಧಿಸಲು ನಾನು ಹೊರಟಿಲ್ಲ. ಚಿತ್ರದುರ್ಗಕ್ಕೇ ಬರೋಣ. ಮೈಸೂರು ಸಂಸ್ಥಾನ ಕಮಿಷನರರ ಆಡಳಿತದಲ್ಲಿದ್ದಾಗ, ಬೌರಿಂಗ್ ಅವರ ಕಾಲದಲ್ಲಿ, ೧೮೬೫ರಲ್ಲಿ ಮೇಜರ್ ಡಿಕ್ಸನ್ ಎಂಬ ಸೈನ್ಯಾಧಿಕಾರಿಯನ್ನು ಶಾಸನಗಳ ಛಾಯಾಚಿತ್ರ ತೆಗೆಯಲೆಂದೇ ನೇಮಿಸಿದರು. ಚಿತ್ರದುರ್ಗ, ಹರಿಹರ, ಬಳ್ಳಿಗಾವೆ ಮೊದಲಾದ ಕಡೆ ಓಡಾಡಿ ಆತ ನೂರೈವತ್ತು ಚಿತ್ರಗಳನ್ನು ಸಿದ್ಧಪಡಿಸಿದ. ಕನ್ನಡ ನಾಡಿನ ಶಾಸನಗಳು ಹೀಗೆ ಮೊದಮೊದಲು ಕ್ಯಾಮರಾದ ಕಣ್ಣಿಗೆ ಬಿದ್ದ ಊರುಗಳಲ್ಲಿ ನಮ್ಮದೂ ಒಂದೆಂಬುದು ನಮ್ಮ ಕಾಲೇಜುಗಳ ವಿದ್ಯಾರ್ಥಿಗಳಿಗೆ ತಿಳಿದಿರಲಾರದು. ಆ ಚಿತ್ರಗಳನ್ನು ಆಧರಿಸಿಯೇ ಬಿ.ಎಲ್. ರೈಸ್ ೧೮೭೯ರಲ್ಲಿ ‘ಮೈಸೂರ್ ಇನ್‌ಸ್ಕ್ರಿಪ್ಷನ್ಸ್’ ಎಂಬ ಗ್ರಂಥವನ್ನು ಪ್ರಕಟಿಸಿದರು. ಕಲ್ಲಿನ ಬಳಿಗೆ ಹೋಗದೆ, ಮೇಜಿನ ಮೇಲೆ ಚಿತ್ರವನ್ನಿಟ್ಟುಕೊಂಡು ಶಾಸನ ಓದುವ ಸೌಕರ್ಯ ಅಂದಿನ ಮಟ್ಟಿಗೆ ಒಂದು ಪವಾಡವೇ ಸರಿ.

ಆದರೆ ಆಳೆತ್ತರದ ಕಲ್ಲನ್ನು ಅಂಗೈಯಗಲದ ಕಾಗದಕ್ಕೆ ಇಳಿಸಿದಾಗ ಏನಾಗುತ್ತದೆ ಎಂಬುದನ್ನು ಶಾಸನ ಓದಿ ಬಲ್ಲವರಿಗೆ ಬಿಡಿಸಿ ಹೇಳಬೇಕಿಲ್ಲ. ‘ವ’ಕಾರವೋ ‘ಪ’ಕಾರವೋ ಎಂಬ ಒಂದು ಗೆರೆಯಲ್ಲಿ ಅರಸನ ಹೆಸರೇ ಬದಲಾಗುತ್ತದೆ. ೧೮೮೫ರಲ್ಲಿ ಮೈಸೂರಿನ ಪುರಾತತ್ತ್ವ ಇಲಾಖೆ ಹುಟ್ಟಿ, ರೈಸ್ ಅವರು ‘ಎಪಿಗ್ರಾಫಿಯ ಕರ್ನಾಟಿಕ’ದ ಮಹಾಕಾರ್ಯಕ್ಕೆ ಕೈಹಾಕಿದಾಗ ಛಾಯಾಚಿತ್ರವೊಂದನ್ನೇ ನೆಚ್ಚಿ ಕೂಡಲಿಲ್ಲ. ಊರೂರಿಗೆ ಜನರನ್ನು ಕಳಿಸಿ ಕಲ್ಲಿನ ಎದುರೇ ಪ್ರತಿ ಮಾಡಿಸಿದರು. ನಮ್ಮ ಜಿಲ್ಲೆಯ ಶಾಸನಗಳ ಹನ್ನೊಂದನೆಯ ಸಂಪುಟ ೧೯೦೩ರಲ್ಲಿ ಹೊರಬಂದದ್ದು ಹೀಗೆ. ದಾವಣಗೆರೆ ಆಗ ನಮ್ಮ ಜಿಲ್ಲೆಯಲ್ಲೇ ಇತ್ತು. ಬೇರೆ ಜಿಲ್ಲೆಯಾದದ್ದು ೧೯೯೭ರಲ್ಲಿ.

ಪಡಿಯಚ್ಚು ತೆಗೆಯುವುದನ್ನು ತಮ್ಮಲ್ಲಿ ಕೆಲವರಾದರೂ ನೋಡಿರಬಹುದು. ಕಲ್ಲನ್ನು ತೊಳೆದು, ಒದ್ದೆಯಾದ ಕಾಗದ ಹೊದಿಸಿ, ಗಡುಸಾದ ಬ್ರಷ್ಷಿನಿಂದ ಬಡಿಯುತ್ತ ಹೋದರೆ ಕಾಗದ ಅಕ್ಷರದ ಗುಳಿಗಳೊಳಗೆ ಇಳಿದು ಕೂಡುತ್ತದೆ. ಮೇಲೆ ಮಸಿಯ ಗಂಟನ್ನು ಮೆಲ್ಲಗೆ ತಟ್ಟಿದರೆ ನೆಲ ಕಪ್ಪಾಗಿ ಅಕ್ಷರ ಬೆಳ್ಳಗೆ ನಿಲ್ಲುತ್ತದೆ. ಕಲ್ಲಿನಷ್ಟೇ ದೊಡ್ಡ ಪ್ರತಿ. ಮಸೂರದ ವಕ್ರತೆಯಿಲ್ಲ, ನೆರಳಿನ ಮೋಸವಿಲ್ಲ. ಗಾಜಿನ ಹಲಗೆಯನ್ನು ಬಿಟ್ಟು ಕಾಗದ, ನೀರು, ಮಸಿಗಳಿಗೆ ಒಲಿದದ್ದು ಹಿಂದಕ್ಕೆ ಹೆಜ್ಜೆಯಿಟ್ಟಂತೆ ಕಂಡರೂ ನಮ್ಮ ಚರಿತ್ರೆಯ ತಳಹದಿ ನಿಂತಿರುವುದು ಬಹುಮಟ್ಟಿಗೆ ಆ ಮಸಿಯ ಮೇಲೆಯೇ. ೧೯೦೬ರಲ್ಲಿ ಇಲಾಖೆಯ ಹೊಣೆ ಹೊತ್ತ ಆರ್. ನರಸಿಂಹಾಚಾರ್ಯರು ಎರಡನ್ನೂ ಕೈಬಿಡಲಿಲ್ಲ. ಶಿಲ್ಪಕ್ಕೆ, ಗುಡಿಗೆ ಕ್ಯಾಮರಾ, ಅಕ್ಷರಕ್ಕೆ ಪಡಿಯಚ್ಚು. ‘ಕರ್ನಾಟಕ ಕವಿಚರಿತೆ’ಯನ್ನು ಬರೆದ ಕೈಯೇ ಇದನ್ನೂ ನಿರ್ವಹಿಸಿತೆಂದು ಹೇಳುವಾಗ ನನ್ನಂಥ ಕನ್ನಡ ಮೇಷ್ಟ್ರಿಗೆ ಸ್ವಲ್ಪ ಹೆಮ್ಮೆಯಾದರೆ ಕ್ಷಮಿಸಬೇಕು.

ಪಡಿಯಚ್ಚಿಗೂ ಸೋಲುವ ಕಡೆಗಳಿವೆ. ಚಿತ್ರದುರ್ಗದ ಮಗ್ಗುಲಿನ ಚಂದ್ರವಳ್ಳಿಯಲ್ಲಿ, ಭೈರವೇಶ್ವರ ಗುಡಿಯ ಪಕ್ಕದ ಬಂಡೆಯ ಮೇಲೆ, ಕದಂಬ ಮಯೂರಶರ್ಮನ ಹೆಸರಿನ ಪ್ರಾಕೃತ ಶಾಸನವಿದೆ. ೧೯೨೯ರಲ್ಲಿ ಅಲ್ಲಿ ಉತ್ಖನನ ನಡೆಸಿದ ಡಾ. ಎಂ.ಎಚ್. ಕೃಷ್ಣ ಅದನ್ನು ಬೆಳಕಿಗೆ ತಂದರು. ಮಯೂರಶರ್ಮ ಕೆರೆ ಕಟ್ಟಿಸಿದ ಸಂಗತಿಯನ್ನೂ, ಅವನು ಗೆದ್ದ ಅರಸುಮನೆತನಗಳ ಉದ್ದನೆಯ ಪಟ್ಟಿಯೊಂದನ್ನೂ ಅವರು ಅದರಲ್ಲಿ ಓದಿದರು. ಆ ಪಟ್ಟಿಯನ್ನು ಮುಂದಿನ ವಿದ್ವಾಂಸರು ಎಲ್ಲರೂ ಒಪ್ಪಲಿಲ್ಲ. ಯಾಕೆ ಒಪ್ಪಲಿಲ್ಲವೆಂಬುದು ಬಂಡೆಯ ಮುಂದೆ ನಿಂತವರಿಗೆ ಅರ್ಥವಾಗುತ್ತದೆ. ಅದು ನಯ ಮಾಡಿದ ಚಪ್ಪಡಿಯಲ್ಲ. ಹುಟ್ಟುಬಂಡೆ, ಒರಟು ಮೈ. ಅಕ್ಷರ ಸವೆದಿದೆ, ಬಿರುಕು ಉಳಿದಿದೆ. ಪಡಿಯಚ್ಚಿನಲ್ಲಿ ಉಳಿಯ ಗೆರೆಯೂ ಬೆಳ್ಳಗೆ, ಬಿರುಕೂ ಬೆಳ್ಳಗೆ. ಛಾಯಾಚಿತ್ರಕ್ಕೆ ಬಂದರೆ ಸೂರ್ಯ ಒಂದು ಹೊತ್ತಿಗೆ ಒಂದೇ ದಿಕ್ಕಿನಿಂದ ಬೆಳಕು ಚೆಲ್ಲುತ್ತಾನೆ. ಬೆಳಕಿಗೆ ಅಡ್ಡವಾದ ಗೆರೆ ನೆರಳು ಪಡೆದು ಎದ್ದು ಕಾಣುತ್ತದೆ, ಬೆಳಕಿನ ದಿಕ್ಕಿನಲ್ಲೇ ಮಲಗಿದ ಗೆರೆ ಮಾಯವಾಗುತ್ತದೆ. ಮುಂಜಾನೆ ಕಂಡ ಕೊಂಬು ಸಂಜೆ ಇರುವುದಿಲ್ಲ. ಮಧ್ಯಾಹ್ನ ಹನ್ನೆರಡಕ್ಕಂತೂ ಶಾಸನವೇ ಇರುವುದಿಲ್ಲ!

ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ಧಾಪುರ, ಜಟಿಂಗರಾಮೇಶ್ವರಗಳಲ್ಲಿ ೧೮೯೨ರಲ್ಲಿ ರೈಸ್ ಕಂಡುಹಿಡಿದ ಅಶೋಕನ ಶಾಸನಗಳ ಪಾಡೂ ಭಿನ್ನವಲ್ಲ. ಜಟಿಂಗರಾಮೇಶ್ವರದ ಬಂಡೆಗೆ ಬಳೆಗಾರರ ಗುಂಡೆಂದು ಹೆಸರು. ಜಾತ್ರೆಯ ದಿನ ಬಳೆ ಮಾರುವವರು ಹರವಿ ಕೂಡುತ್ತಿದ್ದ ಜಾಗ. ಎಷ್ಟು ತಲೆಮಾರಿನ ಪಾದಗಳು ಸಾಮ್ರಾಟನ ಮಾತನ್ನು ತುಳಿದು ನಯಮಾಡಿದವೋ! ೧೯೪೭ರಲ್ಲಿ ಬ್ರಹ್ಮಗಿರಿಯಲ್ಲೂ ಚಂದ್ರವಳ್ಳಿಯಲ್ಲೂ ಅಗೆಸಿದ ಮಾರ್ಟಿಮರ್ ವ್ಹೀಲರ್ ತೋಡಿನ ಮಣ್ಣಿನ ಪದರಗಳ ಛಾಯಾಚಿತ್ರಕ್ಕೆ ಬಹಳ ಬೆಲೆ ಕೊಟ್ಟವರು. ಅಗೆದ ಮಣ್ಣು ಮತ್ತೆ ಕೂಡುವುದಿಲ್ಲ, ಚಿತ್ರವೊಂದೇ ಉಳಿಯುವ ಸಾಕ್ಷಿ.

ಈಗ ನನ್ನ ಸ್ವಂತದ ಒಂದು ಸಂಗತಿ. ೧೯೮೬ರಲ್ಲಿ, ನಾನಿನ್ನೂ ಹೊಸ ಅಧ್ಯಾಪಕನಾಗಿದ್ದಾಗ, ಹೊಳಲ್ಕೆರೆ ತಾಲ್ಲೂಕಿನ ಹಳ್ಳಿಯೊಂದರ ಕೆರೆಯ ಏರಿಯ ಬಳಿ ಬರಹವಿದ್ದ ವೀರಗಲ್ಲೊಂದನ್ನು ಕಂಡೆ. ಹೆಗಲಲ್ಲಿ ಆಗ್‌ಫಾ ಕ್ಲಿಕ್ ತ್ರೀ ಕ್ಯಾಮರಾ ಇತ್ತು. ಆ ಕಾಲದ ಮಧ್ಯಮವರ್ಗದ ಮನೆಗಳ ಕ್ಯಾಮರಾ ಅದು. ಒಂದು ಸುರುಳಿಗೆ ಹನ್ನೆರಡು ಚಿತ್ರ. ಸುರುಳಿಯಲ್ಲಿ ಇನ್ನೂ ನಾಲ್ಕು ಉಳಿದಿದ್ದವು. ಆದರೆ ಈ ಡಬ್ಬಿಯಲ್ಲಿ ಅಕ್ಷರ ಎಲ್ಲಿ ಮೂಡೀತೆಂಬ ತಾತ್ಸಾರ ನನಗೆ. ಒಳ್ಳೆಯ ಕ್ಯಾಮರಾ ಕೊಂಡ ಮೇಲೆ ಬಂದು ಸೊಗಸಾಗಿ ತೆಗೆಯೋಣವೆಂದು ಮೊದಲ ಸಾಲಿನ ಅರ್ಧವನ್ನು ಮಾತ್ರ ಚೀಟಿಯ ಮೇಲೆ ಬರೆದುಕೊಂಡು ಬಂದೆ. ಸಂಬಳದಲ್ಲಿ ಉಳಿಸಿ ಉಳಿಸಿ ಕ್ಯಾಮರಾ ಕೊಳ್ಳುವ ವೇಳೆಗೆ ಎರಡು ವರ್ಷವಾಯಿತು. ಹೊಸ ಕ್ಯಾಮರಾ ಹೊತ್ತು ಹೋದೆ. ಏರಿಯ ಮೇಲೆ ಹೊಸ ಮೋರಿಯಾಗಿತ್ತು. ಕಲ್ಲು ಇರಲಿಲ್ಲ. ಹೊಂದಿಕೆಯಾದ ಅಳತೆಯ ಚಪ್ಪಡಿ ಕೈಗೆಟುಕಿದಾಗ ಕೆಲಸದವರು ಬಿಡುವರೇ? ಅವರನ್ನು ದೂರಿ ಫಲವಿಲ್ಲ. ನಾಲ್ಕು ಚಿತ್ರದ ಜಾಗ ಇಟ್ಟುಕೊಂಡೂ ಒಂದನ್ನು ತೆಗೆಯದೆ ಬಂದವನು ನಾನು. ಆ ಚೀಟಿ ಇನ್ನೂ ನನ್ನ ಬಳಿ ಇದೆ.

ಇದನ್ನು ಕೇಳಿ ಶಿಷ್ಯ ಸ್ವಲ್ಪ ಹೊತ್ತು ಸುಮ್ಮನಿದ್ದ. ಬಳಿಕ, “ಹಾಗಾದರೆ ಬೇಡ ಅಂತೀರಾ ಸಾರ್?” ಎಂದ. ನಾನು ಹಾಗೆ ಅನ್ನಲಿಲ್ಲ. ಅವನ ಪ್ರಶ್ನೆ ಒಂದಲ್ಲ, ಎರಡು. ಮದುವೆ ಮನೆಯ ಕ್ಯಾಮರಾದ ಪ್ರಶ್ನೆ ಬೇರೆ, ಕಲ್ಲಿನ ಕ್ಯಾಮರಾದ ಪ್ರಶ್ನೆ ಬೇರೆ. ಕಲ್ಯಾಣಮಂಟಪದ ಮಂಕು ದೀಪದಲ್ಲಿ, ಹೋಮದ ಹೊಗೆಯಲ್ಲಿ, ತಲೆ ಬಗ್ಗಿಸಿದ ಮದುಮಗಳು ಒಂದು ಕ್ಷಣ ಕಣ್ಣೆತ್ತಿದಾಗ ಅದನ್ನು ತಪ್ಪದೆ ಹಿಡಿಯುವ ಯಂತ್ರ ಅವನ ಜೀವನೋಪಾಯಕ್ಕೆ ಲಾಭವೇ. ಮಾಂಗಲ್ಯಧಾರಣೆ ಎರಡನೆಯ ಸಲ ನಡೆಯುವುದಿಲ್ಲ. ವೀಡಿಯೋ ಬೇಡಿಕೆಯೂ ಹೆಚ್ಚಿದೆ. ಅಲ್ಲಿ ಲೆಕ್ಕ ಹಾಕಬೇಕಾದ್ದು ಸಾಲದ ಬಡ್ಡಿ ಎಷ್ಟು, ಮುಂದಿನ ಹಂಗಾಮಿಗೆ ಹಿಡಿದ ಮದುವೆಗಳೆಷ್ಟು ಎಂಬುದನ್ನು. ಜೊತೆಗೆ, ಹಂಗಾಮಿನ ಮಟ್ಟಿಗೆ ಬಾಡಿಗೆಗೆ ತಂದರೆ ಸಾಲದೆ ಎಂಬುದನ್ನು. ಹಳೆಯ ಮಸೂರಗಳು ಹೊಸ ಕ್ಯಾಮರಾಕ್ಕೆ ನಡುವೆ ಒಂದು ಬಳೆ ತೊಡಿಸಿದರೆ ಹೊಂದುತ್ತವೆಯೆಂದು ಅವನೇ ಹೇಳಿದ. ಈ ವಿಷಯದಲ್ಲಿ ಅವನ ತಲೆಮಾರು ಪುಣ್ಯವಂತರು. ೧೯೮೭ರಲ್ಲಿ ಕ್ಯಾನನ್ನಿನವರು ಮಸೂರದ ಬಾಯಿ ಬದಲಿಸಿದಾಗ ಹಳೆಯ ಮಸೂರಗಳ ಒಡೆಯರು ಬಹುಮಟ್ಟಿಗೆ ಕೈಚೆಲ್ಲಿ ಕೂರಬೇಕಾಗಿತ್ತು.

ಕಲ್ಲಿಗಾದರೋ ಕಣ್ಣಿಲ್ಲ, ಅದು ಕಣ್ಣೆತ್ತುವುದೂ ಇಲ್ಲ. ಹೊಸದುರ್ಗ ತಾಲ್ಲೂಕಿನ ಹೆಗ್ಗೆರೆಯ ಪಾರ್ಶ್ವನಾಥ ಬಸದಿಯ ಒಳಗಿನ ಕರಿಗಲ್ಲನ್ನೇ ನೋಡಿ. ಅಲ್ಲಿ ಕತ್ತಲೆಯೇನೋ ಇದೆ. ಆದರೆ ಮುಕ್ಕಾಲಿಯ ಮೇಲೆ ಕ್ಯಾಮರಾ ಕೂಡಿಸಿ ಹತ್ತು ಸೆಕೆಂಡು ತೆರೆದಿಟ್ಟರೆ ಹಳೆಯದೂ ಕಾಣುತ್ತದೆ, ಹೊಸದೂ ಕಾಣುತ್ತದೆ. ಗ್ರೀನ್‌ಲಾನ ಮೇಣದ ಕಾಗದದ ನ್ಯಾಯವೇ ಇಲ್ಲಿಯೂ. ವಾಣಿವಿಲಾಸ ಸಾಗರ ೧೯೩೩ರ ನಂತರ ಮೊದಲ ಬಾರಿಗೆ ೨೦೨೨ರ ಸೆಪ್ಟೆಂಬರಿನಲ್ಲಿ ಕೋಡಿ ಬಿದ್ದಾಗ ಈ ಹುಡುಗ ತೆಗೆದ ಚಿತ್ರ ನಮ್ಮ ಪಡಸಾಲೆಯ ಗೋಡೆಯಲ್ಲಿದೆ. ಎಂಬತ್ತೊಂಬತ್ತು ವರ್ಷ ಕಾದು ಬಂದ ನೀರನ್ನು ಅವನ ಹಳೆಯ ಕ್ಯಾಮರಾವೇ ಹಿಡಿಯಿತು.

ಕಲ್ಲಿನ ಓದಿಗೆ ನಿಜವಾಗಿ ನೆರವಾಗುವ ಹೊಸತೊಂದು ಬಂದಿದೆ. ಅದು ಕ್ಯಾಮರಾದೊಳಗಿಲ್ಲ. ೨೦೦೧ರಲ್ಲಿ ಅಮೆರಿಕದ ಹ್ಯೂಲೆಟ್ ಪ್ಯಾಕರ್ಡ್ ಸಂಸ್ಥೆಯ ಪ್ರಯೋಗಾಲಯದಲ್ಲಿ ಟಾಮ್ ಮಾಲ್ಜ್‌ಬೆಂಡರ್ ಮತ್ತು ಅವರ ಸಹೋದ್ಯೋಗಿಗಳು ರೂಪಿಸಿದ ವಿಧಾನ. ಕ್ಯಾಮರಾವನ್ನು ಕಲ್ಲಿನ ಎದುರು ಅಲುಗದಂತೆ ನಿಲ್ಲಿಸಬೇಕು. ಕತ್ತಲೆಯಲ್ಲಿ ದೀಪವನ್ನು ಮಾತ್ರ ಸ್ಥಳ ಬದಲಿಸುತ್ತ ಸುತ್ತಲಿಂದಲೂ ನಲವತ್ತು ಐವತ್ತು ಚಿತ್ರ ತೆಗೆಯಬೇಕು. ದೀಪದ ದೂರ ಹೆಚ್ಚು ಕಡಿಮೆಯಾಗದಂತೆ ಒಂದು ದಾರ ಕಟ್ಟಿಕೊಂಡರಾಯಿತು. ಪಕ್ಕದಲ್ಲಿ ಹೊಳೆಯುವ ಕರಿಯ ಗೋಲಿಯೊಂದನ್ನು ಇಟ್ಟರೆ, ಅದರ ಮೇಲಿನ ಹೊಳಪಿನ ಚುಕ್ಕೆಯಿಂದ ಬೆಳಕು ಯಾವ ದಿಕ್ಕಿನದೆಂದು ಗಣಕಯಂತ್ರ ಲೆಕ್ಕ ಹಾಕಿ ಎಲ್ಲ ಚಿತ್ರಗಳನ್ನೂ ಒಂದಾಗಿಸುತ್ತದೆ. ಬಳಿಕ ಮನೆಯಲ್ಲಿ ಕುಳಿತು ಸೂರ್ಯನನ್ನು ಬೇಕಾದ ದಿಕ್ಕಿಗೆ ತಿರುಗಿಸಿದಂತೆ ಬೆಳಕನ್ನು ತಿರುಗಿಸಿ ಓದಬಹುದು. ಮುಂಜಾನೆ ಕಂಡು ಸಂಜೆ ಮಾಯವಾಗುವ ಆ ಕೊಂಬು ಬಿರುಕೋ ಬರಹವೋ ಎಂಬುದಕ್ಕೆ ಅಲ್ಲಿ ಉತ್ತರ ಸಿಗುವ ಸಂಭವವಿದೆ. ಬೆಂಗಳೂರಿನ ಮಿಥಿಕ್ ಸೊಸೈಟಿಯವರು ೨೦೨೧ರಿಂದ ಸ್ಕ್ಯಾನರ್ ಬಳಸಿ ಬೆಂಗಳೂರು ಸುತ್ತಿನ ಶಾಸನಗಳ ಮೂರು ಆಯಾಮದ ಪ್ರತಿಗಳನ್ನು ಮಾಡುತ್ತಿದ್ದಾರೆ. ಅದು ಇನ್ನೂ ಮುಂದಿನ ಹೆಜ್ಜೆ, ಅದರ ಯಂತ್ರದ ಬೆಲೆಯೂ ನಮ್ಮ ಹುಡುಗನ ಕೈಗೆಟುಕುವಂಥದಲ್ಲ. ಗೋಲಿ, ದಾರ, ದೀಪಗಳ ವಿಧಾನಕ್ಕೆ ಹತ್ತು ವರ್ಷದ ಕ್ಯಾಮರಾ ಧಾರಾಳವಾಗಿ ಸಾಕು. ಚಂದ್ರವಳ್ಳಿಯಂಥ ಸಂರಕ್ಷಿತ ಸ್ಥಳದಲ್ಲಿ ಮುಕ್ಕಾಲಿ ಇಡಲು ಪುರಾತತ್ತ್ವ ಇಲಾಖೆಯ ಅನುಮತಿ ಪಡೆಯಬೇಕೆಂಬುದನ್ನು ಉತ್ಸಾಹಿಗಳು ಮರೆಯಬಾರದು.

ನಾವು ಮೊದಲು ಹೋದದ್ದು ಚಂದ್ರವಳ್ಳಿಗಲ್ಲ. “ಆ ಮೋರಿಯ ಕಲ್ಲು ಪೂರ್ತಿ ಮುಚ್ಚಿಹೋಗಿದೆಯೇನು ಸಾರ್?” ಎಂದು ಹುಡುಗ ಕೇಳಿದ. ಮೂವತ್ತೈದು ವರ್ಷಕ್ಕೂ ಮೇಲ್ಪಟ್ಟು ನಾನು ಆ ಕಡೆ ತಲೆಹಾಕಿರಲಿಲ್ಲವೆಂದು ಒಪ್ಪಿಕೊಳ್ಳಬೇಕಾಯಿತು. ಅಮಾವಾಸ್ಯೆಯ ಹಿಂದಿನ ದಿನ ಅವನ ಸ್ಕೂಟರಿನ ಹಿಂದೆ ಕೂತು ಹೋದೆ. ಮೋರಿಯ ಕೆಳಗೆ ಹೂಳು ತುಂಬಿತ್ತು. ಊರಿನ ಇಬ್ಬರು ಹುಡುಗರು ಗುದ್ದಲಿ ತಂದು ಸರಿಸಿದರು. ಮೂರನೆಯ ಚಪ್ಪಡಿಯ ಅಂಚಿನಲ್ಲಿ, ಗಾರೆಗೆ ಸಿಕ್ಕದೆ ಉಳಿದ ಒಂದು ಗೇಣು ಜಾಗದಲ್ಲಿ, ಬೆರಳಾಡಿಸಿದಾಗ ಗೆರೆಗಳು ತಗುಲಿದವು. ಕತ್ತಲಾಗುವ ತನಕ ಕಾದೆವು. ನಾನು ದಾರದ ತುದಿ ಹಿಡಿದೆ, ಅವನು ದೀಪ ಸರಿಸುತ್ತ ಹೋದ, ಊರ ಹುಡುಗನೊಬ್ಬ ಗುಂಡಿ ಒತ್ತಿದ. ನಲವತ್ತೆರಡು ಚಿತ್ರ.

ಮನೆಗೆ ಬಂದು ಗಣಕಯಂತ್ರದಲ್ಲಿ ಬೆಳಕು ತಿರುಗಿಸಿ ನೋಡಿದಾಗ ನಾಲ್ಕು ಅಕ್ಷರ ಕಂಡವು. ಚೀಟಿಯಲ್ಲಿ ನಾನು ‘ಲ’ ಎಂದು ಬರೆದು ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದ ಕಡೆ ಇರುವುದು ಶಕಟರೇಫ, ‘ಱ’. ಉಳಿದದ್ದು ಗಾರೆಯ ಒಳಗಿದೆ. ಪಂಚಾಯಿತಿಗೆ ಅರ್ಜಿ ಬರೆದುಕೊಟ್ಟಿದ್ದೇವೆ. ಹುಡುಗ ಮುಂದಿನ ಹಂಗಾಮಿನ ಮೊದಲೆರಡು ಮದುವೆಗಳಿಗೆ ಹೊಸ ಬಗೆಯ ಕ್ಯಾಮರಾವನ್ನು ಬಾಡಿಗೆಗೆ ಗೊತ್ತುಮಾಡಿದ್ದಾನೆ. ಸರ ಇನ್ನೂ ಮನೆಯಲ್ಲೇ ಇದೆ.